ಸಾವಿನ ದೇವರ ಪ್ರೇಮಕಥೆ ಓದಬೇಕು, ಆದರೆ ಯಾವುದನ್ನು?

ಪುರಾಣ ಬೇಕು, ಕತ್ತಲೆ ಬೇಕು, ಪ್ರೇಮವೂ ಬೇಕು, ಹಾಗಿರುವ ಒಂದು ಕಾದಂಬರಿ ಹೇಳಿ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಉತ್ತರ ಕೊಡೋದು ಮಾತ್ರ ಅಷ್ಟು ಸುಲಭವಲ್ಲ. ಈ ಜಾತಿಯ ಪುಸ್ತಕಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕಪ್ಪು ಮುಖಪುಟ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ, ಹಿಂದುಗಡೆ ಅವಳು ಬೆಳಕು ಅವನು ಕತ್ತಲು ಅನ್ನುವ ಧಾಟಿಯ ಎರಡು ಸಾಲು. ಒಳಗೆ ಹೋದರೆ ಒಂದರಲ್ಲಿ ಯುದ್ಧ, ಹಸಿವು, ಹೆಣಗಳು. ಇನ್ನೊಂದರಲ್ಲಿ ನೈಟ್‌ಕ್ಲಬ್, ಇಸ್ಪೀಟು, ಹಾಸಿಗೆ. ಎರಡಕ್ಕೂ ಒಂದೇ ಹಣೆಪಟ್ಟಿ.

ಹಾಗಾಗಿ ಮೊದಲು ಯಾವುದನ್ನು ನೋಡಿ ಆರಿಸಬೇಕು ಅನ್ನೋದನ್ನು ಹೇಳುತ್ತೇನೆ, ಪುಸ್ತಕಗಳು ಆಮೇಲೆ. ಇಲ್ಲಿ ಬರುವ ಕಾದಂಬರಿಗಳೆಲ್ಲ ಇಂಗ್ಲಿಷಿನವು. ಕೊನೆಯ ಹತ್ತಿರ ಕನ್ನಡದ್ದೂ ಒಂದು ಇದೆ, ಅದು ಕಾದಂಬರಿ ಅಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ಮೊದಲ ಪ್ರಶ್ನೆ: ನಿಮಗೆ ಬೇಕಾದ ಕತ್ತಲೆ ಯಾವ ಥರದ್ದು?

‘ಡಾರ್ಕ್’ ಅನ್ನುವ ಪದದೊಳಗೆ ಮೂರು ನಾಲ್ಕು ಬೇರೆ ಬೇರೆ ವಸ್ತುಗಳನ್ನು ತುರುಕಿದ್ದಾರೆ. ರಕ್ತ, ಯುದ್ಧ, ಭಯ ಹುಟ್ಟಿಸುವ ಕಾಡು, ದೆವ್ವ ಭೂತ ಒಂದು ಬಗೆ. ಮನಸ್ಸನ್ನು ಹಿಂಡುವ ಸಂಬಂಧ, ಅಂದರೆ ಪ್ರೀತಿಸುವವನೇ ಕಟ್ಟಿಹಾಕುವವನೂ ಆಗಿರುವುದು, ಇನ್ನೊಂದು ಬಗೆ. ನಾಯಕ ಕಪ್ಪು ಬಟ್ಟೆ ಹಾಕಿಕೊಂಡು ಮುಖ ಗಂಟಿಕ್ಕಿಕೊಂಡು ತಿರುಗುತ್ತಾನೆ, ಒಳಗೆ ಬೆಣ್ಣೆಯಂಥವನು, ಇದು ಮೂರನೆಯದು. ಮಾರುಕಟ್ಟೆಯಲ್ಲಿ ಮೂರನೆಯದೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ಆದರೆ ಮೊದಲನೆಯದನ್ನು ಬಯಸಿದವರ ಕೈಗೆ ಮೂರನೆಯದು ಸಿಕ್ಕಿದರೆ ಐವತ್ತನೇ ಪುಟಕ್ಕೇ ಬೇಸರ ಬರುತ್ತದೆ.

ಎರಡನೆಯದು, ಪ್ರೇಮ ಕಥೆಯ ಬೆನ್ನೆಲುಬೋ ಅಥವಾ ಪಕ್ಕೆಲುಬೋ. ರೊಮ್ಯಾನ್ಸ್ ಅಂತ ಮಾರುವ ಪುಸ್ತಕದಲ್ಲಿ ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅನ್ನೋದು ಬರೆಯದ ಕರಾರು. ಫ್ಯಾಂಟಸಿ ಅಂತ ಮಾರುವುದರಲ್ಲಿ ಆ ಭರವಸೆ ಇಲ್ಲ. ಕೊನೆಯಲ್ಲಿ ಅಳುವುದು ನಿಮಗೆ ಆಗಿಬರುವುದಿಲ್ಲ ಅಂದರೆ ಇದನ್ನು ಮೊದಲೇ ತಿಳಿದುಕೊಂಡಿರಬೇಕು.

ಮೂರನೆಯದು ಸ್ಪೈಸ್. ಹಾಸಿಗೆಯ ದೃಶ್ಯ ಎಷ್ಟು, ಎಷ್ಟು ಬಿಡಿಸಿ ಬರೆದದ್ದು ಅಂತ. ಕೆಲವರಿಗೆ ಅದಕ್ಕೇ ಪುಸ್ತಕ, ಕೆಲವರಿಗೆ ಅದು ಬಂದರೆ ಮುಜುಗರ. ಮುಖಪುಟ ನೋಡಿ ಇದನ್ನು ಪತ್ತೆ ಹಚ್ಚಲು ಆಗುವುದೇ ಇಲ್ಲ.

ಇನ್ನು ಸಮಯ, ದುಡ್ಡು, ಭಾಷೆ. ಒಂದೇ ಪುಸ್ತಕಕ್ಕೆ ಮುಗಿಯುತ್ತದೋ, ನಾಲ್ಕು ಸಂಪುಟ ಕೊಳ್ಳಬೇಕೋ? ಇಂಗ್ಲಿಷ್ ಸರಾಗವಾಗಿದೆಯೋ, ಸಾಲು ಸಾಲಿಗೂ ನಿಲ್ಲಿಸುತ್ತದೋ?

ಇವೆಲ್ಲಕ್ಕಿಂತ ನಾನು ಮುಖ್ಯ ಅಂದುಕೊಂಡಿರುವುದು ಬೇರೆಯೇ ಒಂದು. ಒಪ್ಪಂದ. ಆ ಹುಡುಗಿ ಆ ದೇವರ ಮನೆಗೆ ಹೇಗೆ ಹೋದಳು? ಯಾರು ಒಪ್ಪಿದರು? ವಾಪಸ್ ಬರಲು ದಾರಿ ಇದೆಯಾ? ಯಾಕೆ ಕೇಳುತ್ತೇನೆಂದರೆ ಈ ಬಗೆಯ ಅರ್ಧಕ್ಕರ್ಧ ಕಾದಂಬರಿಗಳ ಬೇರು ಗ್ರೀಕರ ಪರ್ಸೆಫನಿ ಕಥೆಯಲ್ಲಿದೆ, ಮತ್ತು ಆ ಕಥೆ ಮೂಲದಲ್ಲಿ ಪ್ರೇಮಕಥೆ ಅಲ್ಲವೇ ಅಲ್ಲ. ಡಿಮೀಟರ್ ದೇವಿಯ ಮೇಲಿರುವ ಹಳೆಯ ಗ್ರೀಕ್ ಸ್ತೋತ್ರದಲ್ಲಿ ಹುಡುಗಿ ಹೂ ಕೀಳುತ್ತಿರುತ್ತಾಳೆ, ಒಂದು ನಾರ್ಸಿಸಸ್ ಹೂವಿಗೆ ಕೈ ಹಾಕುತ್ತಾಳೆ, ನೆಲ ಬಿರಿಯುತ್ತದೆ, ಪಾತಾಳದ ಒಡೆಯ ಹೇಡಿಸ್ ರಥದಲ್ಲಿ ಬಂದು ಹೊತ್ತುಕೊಂಡು ಹೋಗುತ್ತಾನೆ. ಅಪ್ಪ, ದೇವತೆಗಳ ರಾಜ ಜೂಸ್‌ನ ಒಪ್ಪಿಗೆ ಇದೆ. ತಾಯಿ ಡಿಮೀಟರ್‌ಗೆ ಗೊತ್ತಿಲ್ಲ. ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೊನೆಗೆ ಬಿಡುಗಡೆ ಆಗುವ ಹೊತ್ತಿಗೆ ಅವನು ಕೊಟ್ಟ ದಾಳಿಂಬೆ ಕಾಳು ತಿಂದದ್ದರಿಂದ ವರ್ಷದ ಮೂರನೇ ಒಂದು ಭಾಗ ಅವಳು ಕೆಳಗೇ ಇರಬೇಕಾಗುತ್ತದೆ.

ಈಗಿನ ಲೇಖಕರಿಗೆ ಇದು ದೊಡ್ಡ ತಲೆನೋವು. ಅಪಹರಣವನ್ನು ಪ್ರೇಮ ಮಾಡುವುದು ಹೇಗೆ? ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಒಬ್ಬರು ಅದನ್ನು ಪಂದ್ಯ ಮಾಡುತ್ತಾರೆ, ಒಬ್ಬರು ಆಕಸ್ಮಿಕ ಮಾಡುತ್ತಾರೆ, ಒಬ್ಬರು ಹಾಗೇ ಉಳಿಸಿಕೊಂಡು ಅದರ ಪಾಪವನ್ನು ಕಾದಂಬರಿ ಪೂರ್ತಿ ಅನುಭವಿಸುವಂತೆ ಮಾಡುತ್ತಾರೆ. ಆ ದಾರಿ ನಿಮಗೆ ಹಿಡಿಸಿದರೆ ಪುಸ್ತಕ ಹಿಡಿಸುತ್ತದೆ. ಇಲ್ಲದಿದ್ದರೆ ಎಷ್ಟು ಚೆಂದ ಬರೆದಿದ್ದರೂ ಒಳಗೊಳಗೇ ಕಿರಿಕಿರಿ.

ಹೇಡಿಸ್ ಪರ್ಸೆಫನಿಯೇ ಬೇಕು ಅನ್ನುವವರಿಗೆ

ಇಲ್ಲಿ ಹೆಚ್ಚಿನವರು ಎರಡರ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ಕಾರ್ಲೆಟ್ ಸೇಂಟ್ ಕ್ಲೇರ್ ಅವರ ‘ಎ ಟಚ್ ಆಫ್ ಡಾರ್ಕ್‌ನೆಸ್’ 2019ರದ್ದು, ಕೇಟೀ ರಾಬರ್ಟ್ ಅವರ ‘ನಿಯಾನ್ ಗಾಡ್ಸ್’ 2021ರದ್ದು. ಎರಡೂ ಇವತ್ತಿನ ಕಾಲದ ನಗರದಲ್ಲಿ ನಡೆಯುತ್ತವೆ. ಎರಡೂ ದೊಡ್ಡವರಿಗೆ ಮಾತ್ರ, ಸ್ಪೈಸ್ ಧಾರಾಳ.

‘ಎ ಟಚ್ ಆಫ್ ಡಾರ್ಕ್‌ನೆಸ್’ನಲ್ಲಿ ದೇವರುಗಳು ನಿಜವಾದ ದೇವರುಗಳೇ. ಪರ್ಸೆಫನಿ ವಸಂತದ ದೇವತೆ, ಆದರೆ ಅವಳು ಮುಟ್ಟಿದ ಹೂವು ಬಾಡುತ್ತದೆ. ಇದು ನನಗೆ ಇಷ್ಟವಾದ ಕಲ್ಪನೆ. ಅಮ್ಮನ ಕಾವಲು ತಪ್ಪಿಸಿಕೊಂಡು ನ್ಯೂ ಅಥೆನ್ಸ್ ಅನ್ನುವ ನಗರದಲ್ಲಿ ಮಾಮೂಲಿ ಹುಡುಗಿಯ ಹಾಗೆ ಪತ್ರಿಕೋದ್ಯಮ ಓದುತ್ತಿರುತ್ತಾಳೆ. ಹೇಡಿಸ್‌ನ ಕ್ಲಬ್ಬಿಗೆ ಹೋಗುತ್ತಾಳೆ, ಇಸ್ಪೀಟಿನಲ್ಲಿ ಸೋಲುತ್ತಾಳೆ, ಒಪ್ಪಂದಕ್ಕೆ ಬೀಳುತ್ತಾಳೆ. ಗಡುವಿನೊಳಗೆ ಪಾತಾಳದಲ್ಲಿ ಜೀವ ಹುಟ್ಟಿಸಬೇಕು, ಆಗದಿದ್ದರೆ ಅವಳು ಅವನವಳು. ಮುಟ್ಟಿದ್ದೆಲ್ಲ ಸಾಯಿಸುವವಳಿಗೆ ಜೀವ ಹುಟ್ಟಿಸು ಅನ್ನುವುದು ಒಳ್ಳೆಯ ಶರತ್ತು. ಆದರೆ ಲೇಖಕಿ ಅದರ ಆಳಕ್ಕೆ ಇಳಿಯುವುದಕ್ಕಿಂತ ಅವರಿಬ್ಬರ ಜಗಳ, ಹೊಟ್ಟೆಕಿಚ್ಚು, ರಾಜಿ, ಮತ್ತೆ ಜಗಳದಲ್ಲೇ ಪುಟ ತುಂಬಿಸುತ್ತಾರೆ. ಇಂಗ್ಲಿಷ್ ತುಂಬಾ ಸುಲಭ. ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ. ಕತ್ತಲೆ ನಾನು ಹೇಳಿದ ಮೂರನೇ ಬಗೆಯದು. ಬಾಲವೂ ಉದ್ದ: ಪರ್ಸೆಫನಿಯ ಕಣ್ಣಿನಿಂದ ನಾಲ್ಕು ಪುಸ್ತಕ, ಹೇಡಿಸ್‌ನ ಕಣ್ಣಿನಿಂದ ಬೇರೆಯೇ ಒಂದು ಸಾಲು. ಮೊದಲನೆಯದಕ್ಕೇ ನಿಲ್ಲಿಸಬಹುದು, ಆದರೆ ಈ ಜಾತಿಯ ಓದುಗರು ನಿಲ್ಲಿಸುವುದಿಲ್ಲ ಅನ್ನೋದು ಪ್ರಕಾಶಕರಿಗೂ ಗೊತ್ತು.

‘ನಿಯಾನ್ ಗಾಡ್ಸ್’ ಬೇರೆ. ಇದನ್ನು ಫ್ಯಾಂಟಸಿ ಅನ್ನುವುದೇ ಕಷ್ಟ, ಮಾಯಮಂತ್ರ ಇಲ್ಲ ಅಂದರೂ ಸರಿ. ಒಲಿಂಪಸ್ ಒಂದು ನಗರ, ಜೂಸ್, ಹೇಡಿಸ್ ಅನ್ನುವುದೆಲ್ಲ ಹುದ್ದೆಯ ಹೆಸರುಗಳು. ಪರ್ಸೆಫನಿಗೆ ಜೂಸ್ ಜೊತೆ ಬಲವಂತದ ನಿಶ್ಚಿತಾರ್ಥ ಮಾಡುತ್ತಾರೆ, ಅವಳು ರಾತ್ರೋರಾತ್ರಿ ಓಡಿ ಸ್ಟಿಕ್ಸ್ ನದಿ ದಾಟಿ ಕೆಳ ಊರಿಗೆ ಬರುತ್ತಾಳೆ. ನೋಡಿ, ಅಪಹರಣದ ಸಮಸ್ಯೆಯನ್ನು ಹೇಗೆ ತಲೆಕೆಳಗು ಮಾಡಿದ್ದಾರೆ: ಇಲ್ಲಿ ಅವಳೇ ಅವನ ಬಾಗಿಲು ತಟ್ಟುತ್ತಾಳೆ. ಒಪ್ಪಂದ ಇಬ್ಬರೂ ಕೂತು ಮಾತಾಡಿ ಮಾಡಿಕೊಂಡದ್ದು, ಅದಕ್ಕೊಂದು ಅವಧಿಯೂ ಇದೆ. ಪ್ರತಿ ಹೆಜ್ಜೆಗೂ ಒಪ್ಪಿಗೆ ಕೇಳುವ ನಾಯಕ ಬೇಕು ಅನ್ನುವವರಿಗೆ ಇದು ನೆಮ್ಮದಿ ಕೊಡುತ್ತದೆ. ಆದರೆ ಸ್ಪೈಸ್ ಎರಡರಲ್ಲಿ ಇದರಲ್ಲೇ ಹೆಚ್ಚು ಖಾರ, ಬಹಿರಂಗವಾಗಿ ನಡೆಯುವ ದೃಶ್ಯಗಳೂ ಇವೆ, ಹಾಗಾಗಿ ಗೊತ್ತಿದ್ದೇ ಕೈಗೆತ್ತಿಕೊಳ್ಳಿ. ಸರಣಿ ಉದ್ದವಿದ್ದರೂ ಒಂದೊಂದು ಪುಸ್ತಕದಲ್ಲಿ ಒಂದೊಂದು ಜೋಡಿ, ಇವರ ಕಥೆ ಇದರಲ್ಲೇ ಮುಗಿಯುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದು ವಾಸಿ.

ಎರಡರಲ್ಲಿ ಒಂದು ಅಂದರೆ: ದೇವರು, ಶಾಪ, ಪಾತಾಳ ಬೇಕಾದರೆ ಮೊದಲನೆಯದು, ಬರೀ ಆ ಜೋಡಿ ಸಾಕು ಅಂದರೆ ಎರಡನೆಯದು. ಪುರಾಣವನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಎರಡನ್ನೂ ಬಿಟ್ಟು ಮುಂದೆ ಹೋಗಬಹುದು.

ದುಡ್ಡು ಹಾಕುವ ಮೊದಲು ಈ ಕಥೆ ನಿಮಗೆ ಒಗ್ಗುತ್ತದಾ ಅಂತ ನೋಡಬೇಕಿದ್ದರೆ ರೇಚಲ್ ಸ್ಮೈತ್ ಅವರ ‘ಲೋರ್ ಒಲಿಂಪಸ್’ ಇದೆ. ಇದು ಚಿತ್ರಕಥೆ, 2018ರಿಂದ 2024ರವರೆಗೆ ವೆಬ್‌ಟೂನ್‌ನಲ್ಲಿ ಕಂತುಕಂತಾಗಿ ಬಂತು, ಅತ್ಯುತ್ತಮ ವೆಬ್‌ಕಾಮಿಕ್‌ಗೆ ಕೊಡುವ ಐಸ್ನರ್ ಪ್ರಶಸ್ತಿಯೂ 2022ರಲ್ಲಿ ಸಿಕ್ಕಿತು. ನೀಲಿ ಹೇಡಿಸ್, ಗುಲಾಬಿ ಪರ್ಸೆಫನಿ, ನೋಡಲು ಮುದ್ದು. ಮುದ್ದಾಗಿದೆ ಅಂತ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಪರ್ಸೆಫನಿಯ ಮೇಲೆ ಅತ್ಯಾಚಾರ ಆಗುವ ಎಳೆ ಇದೆ, ಅದರ ಗಾಯ ತುಂಬಾ ಕಾಲ ಕಥೆಯಲ್ಲಿ ಉಳಿಯುತ್ತದೆ. ಲೇಖಕಿ ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ ಅನ್ನೋದು ಬೇರೆ ಮಾತು.

ದೇವರೂ ಬೆಲೆ ಕೊಡಬೇಕಾದ ಕಥೆ

ನಾನು ಹೆಚ್ಚು ಜನಕ್ಕೆ ಹೇಳುವ ಪುಸ್ತಕ ಸಿಲ್ವಿಯಾ ಮೊರೆನೊ ಗಾರ್ಸಿಯಾ ಅವರ ‘ಗಾಡ್ಸ್ ಆಫ್ ಜೇಡ್ ಅಂಡ್ ಶ್ಯಾಡೋ’ (2019). ಇಲ್ಲಿ ಗ್ರೀಸ್ ಇಲ್ಲ, ಮೆಕ್ಸಿಕೋ ಇದೆ. ಕಾಲ 1927. ಜಾಝ್ ಸಂಗೀತ, ರೈಲು, ಮೊಣಕಾಲು ಕಾಣುವ ಹೊಸ ಫ್ರಾಕುಗಳು, ಇವುಗಳ ಮಧ್ಯೆ ಮಾಯಾ ಜನರ ಪಾತಾಳ ಶಿಬಾಲ್ಬಾ. ಮಾಯಾ ಜನರಲ್ಲಿ ಕಿಚೆ ಅನ್ನುವವರ ಪೋಪೋಲ್ ವೂಹ್ ಗ್ರಂಥದಲ್ಲಿ ಸಾವಿನ ಇಬ್ಬರು ಒಡೆಯರು ಬರುತ್ತಾರೆ, ವೀರ ಅವಳಿಗಳು ಅವರನ್ನು ಸೋಲಿಸುತ್ತಾರೆ. ಲೇಖಕಿ ಆ ಇಬ್ಬರು ಒಡೆಯರನ್ನೇ ಅಣ್ಣತಮ್ಮಂದಿರಾಗಿ ಎತ್ತಿಕೊಂಡಿದ್ದಾರೆ. ತಮ್ಮ ವುಕುಬ್ ಕಮೆ ಅಣ್ಣನನ್ನು ಕೊಂದು ಸಿಂಹಾಸನ ಹಿಡಿದಿದ್ದಾನೆ. ಅಣ್ಣ ಹುನ್ ಕಮೆಯ ಮೂಳೆಗಳು ಒಬ್ಬ ಮುದುಕನ ಕೋಣೆಯ ಪೆಟ್ಟಿಗೆಯೊಳಗೆ ಇವೆ.

ಆ ಮುದುಕನ ಮೊಮ್ಮಗಳು ಕಸಿಯೋಪಿಯಾ. ಶ್ರೀಮಂತ ಅಜ್ಜನ ಮನೆಯಲ್ಲಿ ಕೆಲಸದವಳ ಹಾಗೆ ನೆಲ ಒರೆಸಿಕೊಂಡಿರುವವಳು. ಒಂದು ದಿನ ಮನೆಯವರೆಲ್ಲ ಹೊರಗೆ ಹೋದಾಗ ಬೀಗದ ಕೈ ಸಿಗುತ್ತದೆ, ಪೆಟ್ಟಿಗೆ ತೆರೆಯುತ್ತಾಳೆ, ಮೂಳೆಗಳನ್ನು ಮುಟ್ಟುತ್ತಾಳೆ, ಒಂದು ಚೂರು ಮುಳ್ಳಿನ ಹಾಗೆ ಅವಳ ಹೆಬ್ಬೆರಳಿಗೆ ಹೊಕ್ಕುತ್ತದೆ. ಅಷ್ಟೇ. ಮೂಳೆಗೆ ಮೂಳೆ ಸೇರಿ ದೇವರು ಎದ್ದು ನಿಲ್ಲುತ್ತಾನೆ. ಒಂದು ಕಣ್ಣಿಲ್ಲ, ಒಂದು ಕಿವಿ ಇಲ್ಲ, ತೋರುಬೆರಳಿಲ್ಲ, ಜೇಡ್ ಕಲ್ಲಿನ ಹಾರವೂ ಇಲ್ಲ. ಅವನ್ನೆಲ್ಲ ಹುಡುಕಿಕೊಂಡು ಹೋಗಬೇಕು, ಅವಳೂ ಜೊತೆಗೆ ಬರಲೇಬೇಕು, ಯಾಕೆಂದರೆ ಬೆರಳಿನಲ್ಲಿರುವ ಆ ಚೂರು ಅವಳ ಜೀವವನ್ನು ಹೀರಿ ಅವನಿಗೆ ಕೊಡುತ್ತಿದೆ.

ಈ ಒಪ್ಪಂದ ನೋಡಿ, ಎಷ್ಟು ಚೊಕ್ಕವಾಗಿದೆ. ಅವನು ಅವಳನ್ನು ಹೊತ್ತುಕೊಂಡು ಹೋಗಲಿಲ್ಲ, ಅವಳು ಪ್ರೀತಿಸಿ ಹಿಂದೆ ಹೋಗಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ. ಹೊತ್ತು ಹೋದಷ್ಟೂ ಅವಳು ಸಾವಿನ ಹತ್ತಿರ ಹೋಗುತ್ತಾಳೆ, ಅವನು ಮನುಷ್ಯನಾಗುತ್ತಾ ಬರುತ್ತಾನೆ. ದೇವರಿಗೆ ಮೊದಲ ಸಲ ಕನಸು ಬೀಳುತ್ತದೆ, ಅದೇನು ಅಂತ ಅವನಿಗೆ ಅರ್ಥವಾಗುವುದಿಲ್ಲ. ಅವನಲ್ಲಿ ಹುಟ್ಟಿದ ಪ್ರೀತಿ ಅವನದೋ, ಅವಳಿಂದ ಹೀರಿಕೊಂಡ ಜೀವದ್ದೋ ಅನ್ನುವ ಪ್ರಶ್ನೆ ಕೊನೆಯವರೆಗೂ ಕಾಡುತ್ತದೆ. ಅವನು ಪೂರ್ತಿ ದೇವರಾದರೆ ಪ್ರೀತಿ ಹೋಗುತ್ತದೆ, ಮನುಷ್ಯನಾಗಿ ಉಳಿಯಲು ಹೊರಟರೆ ಅವಳೇ ಹೋಗುತ್ತಾಳೆ. ಪ್ರೇಮ ಮತ್ತು ಕತ್ತಲೆ ಎರಡೂ ಒಂದೇ ಚೂರಿನಿಂದ ಹುಟ್ಟುತ್ತವೆ ಅನ್ನುವುದೇ ಈ ಪುಸ್ತಕದ ಜಾಣತನ.

ಕೊರತೆಗಳೂ ಇವೆ. ಹಾಸಿಗೆಯ ದೃಶ್ಯ ಹುಡುಕಿದರೂ ಸಿಗುವುದಿಲ್ಲ. ಪ್ರೀತಿ ನಿಧಾನಕ್ಕೆ, ಪುಸ್ತಕದ ಅರ್ಧ ದಾಟಿದ ಮೇಲೆ, ಅದೂ ಬಹಳ ಹಿಡಿತದಲ್ಲಿ ಬರುತ್ತದೆ. ಲೇಖಕಿ ಜನಪದ ಕಥೆ ಹೇಳುವ ದೂರದ ಧ್ವನಿಯಲ್ಲಿ ಬರೆಯುತ್ತಾರೆ, ಕೆಲವರಿಗೆ ಅದು ತಣ್ಣಗೆ ಅನ್ನಿಸುತ್ತದೆ. ಊರಿಂದೂರಿಗೆ ಹೋಗಿ ಒಂದೊಂದು ಅಂಗ ವಸೂಲಿ ಮಾಡುವ ಭಾಗ ನಡುವೆ ಸ್ವಲ್ಪ ಏಕತಾನ ಆಗುತ್ತದೆ. ಅಂತ್ಯ ಸಿಹಿಯೂ ಹೌದು, ಕಹಿಯೂ ಹೌದು. ಆದರೆ ಒಂದೇ ಪುಸ್ತಕ, ಮಧ್ಯಮ ಗಾತ್ರ, ಇಂಗ್ಲಿಷ್ ಕಷ್ಟವಿಲ್ಲ, ಮಾಯಾ ಪುರಾಣ ಮೊದಲೇ ಗೊತ್ತಿರಬೇಕಾಗಿಲ್ಲ. ಹದಿಹರೆಯದವರಿಂದ ಹಿಡಿದು ಯಾರ ಕೈಗಾದರೂ ಧೈರ್ಯವಾಗಿ ಕೊಡಬಹುದು.

ನಿಜವಾದ ಕತ್ತಲೆ ಬೇಕಾ? ಹಾಗಾದರೆ ಇದು

ಕ್ಯಾಥರಿನ್ ಎಂ. ವ್ಯಾಲೆಂಟೆ ಅವರ ‘ಡೆತ್‌ಲೆಸ್’ 2011ರಲ್ಲಿ ಬಂತು. ರಷ್ಯದ ಜನಪದ ಕಥೆಗಳ ಸಾವಿಲ್ಲದ ಕೊಶ್ಚೈ ಮತ್ತು ಮರಿಯಾ ಮೊರೆವ್ನಾ ಇಲ್ಲಿನ ಜೋಡಿ. ತನ್ನ ಸಾವನ್ನು ಮೈಯಿಂದ ಹೊರಗೆ ಬಚ್ಚಿಟ್ಟವನು ಅವನು. ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ, ಅಲ್ವಾ? ಹೊಸದು ಏನೆಂದರೆ ಲೇಖಕಿ ಇದನ್ನು ರಷ್ಯದ ಕ್ರಾಂತಿ ಮತ್ತು ಎರಡನೇ ಮಹಾಯುದ್ಧದ ಲೆನಿನ್‌ಗ್ರಾದ್ ಮುತ್ತಿಗೆಯ ಮಧ್ಯೆ ತಂದು ನಿಲ್ಲಿಸಿರುವುದು. ಮನೆ ಕಾಯುವ ಗುಮ್ಮಗಳು ಸಮಿತಿ ಮಾಡಿಕೊಂಡು ಸಭೆ ಸೇರುತ್ತವೆ. ಮಾಟಗಾತಿ ಬಾಬಾ ಯಾಗಾ ಇಲ್ಲಿ ಚೇರ್ಮನ್ ಯಾಗಾ. ನಗುವೂ ಬರುತ್ತದೆ, ಬೆನ್ನಹುರಿಯೂ ತಣ್ಣಗಾಗುತ್ತದೆ.

ಶುರುವಿನಲ್ಲಿ ಪುಟ್ಟ ಮರಿಯಾ ಕಿಟಕಿಯಲ್ಲಿ ಕೂತು ನೋಡುತ್ತಾಳೆ. ಮರದಿಂದ ಒಂದು ಹಕ್ಕಿ ಕೆಳಗೆ ಬೀಳುತ್ತದೆ, ಚೆಂದದ ಯುವಕನಾಗಿ ಏಳುತ್ತದೆ, ಬಾಗಿಲು ತಟ್ಟಿ ಅಕ್ಕನನ್ನು ಮದುವೆಯಾಗುತ್ತದೆ. ಹೀಗೆ ಮೂರು ಅಕ್ಕಂದಿರು, ಮೂರು ಹಕ್ಕಿಗಳು. ಲೋಕದ ಬಟ್ಟೆಯ ಹಿಂಬದಿ ಏನಿದೆ ಅಂತ ಅವಳು ಕಂಡುಬಿಟ್ಟಿದ್ದಾಳೆ, ಹಾಗಾಗಿ ತನ್ನ ಹಕ್ಕಿಗಾಗಿ ಕಾಯುತ್ತಾಳೆ. ಬಂದವನು ಕೊಶ್ಚೈ. ತನ್ನ ನಾಡಿಗೆ ಕರೆದೊಯ್ಯುವ ದಾರಿಯಲ್ಲಿ ಅವನು ಅವಳಿಗೆ ಮಾತಾಡಬೇಡ ಅನ್ನುತ್ತಾನೆ, ಕೈಯಾರೆ ತುತ್ತು ಮಾಡಿ ಉಣಿಸುತ್ತಾನೆ. ಹಸಿದ ಊರಿನಿಂದ ಬಂದವಳು ಬಾಯಿ ಮುಚ್ಚಿಕೊಂಡು ತಿನ್ನುತ್ತಾಳೆ. ಓದುವಾಗ ಅದು ಪ್ರೀತಿಯ ಹಾಗೂ ಕಾಣುತ್ತದೆ, ಪಳಗಿಸುವ ಹಾಗೂ ಕಾಣುತ್ತದೆ, ಲೇಖಕಿ ಯಾವುದು ಅಂತ ಹೇಳುವುದಿಲ್ಲ. ಪುಸ್ತಕದ ಕೊನೆಯ ಭಾಗದಲ್ಲಿ, 872 ದಿನದ ಮುತ್ತಿಗೆಯಲ್ಲಿ ಜನ ಗೋಡೆಕಾಗದದ ಅಂಟು ಕುದಿಸಿ ತಿಂದ ಆ ನಗರಕ್ಕೆ ಕಥೆ ಬಂದಾಗ, ಮೊದಲಿನ ಆ ತುತ್ತುಗಳೆಲ್ಲ ಗಂಟಲಿಗೆ ಅಡ್ಡ ಬರುತ್ತವೆ.

ಇನ್ನೊಂದು ತಿರುವು ನನಗೆ ತುಂಬಾ ಹಿಡಿಸಿತು. ಕೊಶ್ಚೈ ಇಲ್ಲಿ ಸಾವಿನ ದೊರೆ ಅಲ್ಲ, ಬದುಕಿನ ದೊರೆ. ಸಾವಿನ ದೊರೆಯ ಜೊತೆ ಅವನಿಗೆ ಮುಗಿಯದ ಯುದ್ಧ. ಬದುಕಿನ ದೊರೆ ಅಂದ ಮಾತ್ರಕ್ಕೆ ಒಳ್ಳೆಯವನೇನಲ್ಲ. ಅವನು ಹಿಂದೆ ಕರೆತಂದ ಹುಡುಗಿಯರು ಏನಾದರು ಅನ್ನುವುದು ಮರಿಯಾಗೆ ಗೊತ್ತಾಗುವ ಅಧ್ಯಾಯ ಓದಿದ ಮೇಲೆ, ಕಪ್ಪು ಕೋಟಿನ ಹೇಡಿಸ್‌ಗಳೆಲ್ಲ ಪಾಪದ ಪ್ರಾಣಿಗಳು ಅನ್ನಿಸುತ್ತಾರೆ. ಒಪ್ಪಂದ ಇಲ್ಲಿ ಒಂದೇ ಸಲ ಆಗಿ ಮುಗಿಯುವುದಿಲ್ಲ. ಯಾರು ಆಳುವುದು, ಯಾರು ಆಳಿಸಿಕೊಳ್ಳುವುದು ಅಂತ ಗಂಡ ಹೆಂಡತಿ ವರ್ಷಗಟ್ಟಲೆ ಹಗ್ಗ ಜಗ್ಗುತ್ತಾರೆ, ಒಮ್ಮೆ ಅವಳು ಕಟ್ಟಿಹಾಕಿಸಿಕೊಂಡವಳು, ಇನ್ನೊಮ್ಮೆ ಅವನು.

ಇದು ಎಲ್ಲರಿಗೂ ಅಲ್ಲ. ಇಂಗ್ಲಿಷ್ ಕಾವ್ಯದ ಹಾಗಿದೆ, ಸಾಲು ಸಾಲಿಗೂ ನಿಲ್ಲಬೇಕು. ಕಥೆ ನೇರ ದಾರಿಯಲ್ಲಿ ಹೋಗುವುದಿಲ್ಲ, ರಷ್ಯದ ಇತಿಹಾಸ ಸ್ವಲ್ಪವಾದರೂ ಗೊತ್ತಿದ್ದರೆ ಒಳ್ಳೆಯದು. ಸಂಬಂಧದಲ್ಲಿ ಹಿಂಸೆ ಇದೆ, ಯುದ್ಧ ಇದೆ, ಹಸಿವಿನ ಸಾವುಗಳಿವೆ. ಮನಸ್ಸು ಮೊದಲೇ ಭಾರವಾಗಿರುವ ದಿನಗಳಲ್ಲಿ ಮುಟ್ಟಬೇಡಿ. ಇಬ್ಬರೂ ಕೊನೆಗೆ ಸುಖವಾಗಿದ್ದರು ಅನ್ನುವುದು ಬೇಕಾದವರಿಗೂ ಇದು ಬೇಡ.

ಪುರುಸೊತ್ತು ಇರುವವರಿಗೆ ಚಳಿಯ ಮೂರು ಸಂಪುಟ

ರಷ್ಯವೇ ಬೇಕು, ಆದರೆ ಅಷ್ಟು ಉರಿ ಬೇಡ ಅಂದರೆ ಕ್ಯಾಥರಿನ್ ಆರ್ಡೆನ್ ಅವರ ತ್ರಿವಳಿ ಇದೆ. ಮೊದಲನೆಯದು ‘ದ ಬೇರ್ ಅಂಡ್ ದ ನೈಟಿಂಗೇಲ್’ (2017), ಕೊನೆಯದು 2019ರಲ್ಲಿ ಬಂತು. 14ನೇ ಶತಮಾನದ ಹಳ್ಳಿ, ಒಲೆಯ ಹಿಂದೆ ವಾಸಿಸುವ ಮನೆದೈವ, ಕುದುರೆ ಲಾಯದ ದೈವ, ಹೊಸದಾಗಿ ಬಂದ ಪಾದ್ರಿ ಇವರನ್ನೆಲ್ಲ ದೆವ್ವ ಅಂತ ಓಡಿಸಲು ಹೊರಟಾಗ ಹಳ್ಳಿಗೆ ಬರುವ ಕೇಡು. ವಾಸ್ಯಾ ಅನ್ನುವ ಹುಡುಗಿಗೆ ಇವೆಲ್ಲ ಕಾಣುತ್ತವೆ. ಹಿಮದ ದೇವರು ಮೊರೋಜ್ಕೊ ಅವಳ ಅಪ್ಪನ ಕೈಯಲ್ಲಿ ಒಂದು ಒಡವೆ ಕೊಟ್ಟು ಕಳಿಸಿರುತ್ತಾನೆ, ಮಗನ ಜೀವದ ಬೆದರಿಕೆ ಹಾಕಿ. ಅಂದರೆ ಇಲ್ಲೂ ಒಪ್ಪಂದ ಆದದ್ದು ಹುಡುಗಿಯ ಬೆನ್ನ ಹಿಂದೆ. ಮೂರು ಪುಸ್ತಕದ ಉದ್ದಕ್ಕೂ ಅವಳು ಮಾಡುವುದು ಇಷ್ಟೇ, ತನ್ನನ್ನು ಕೇಳದೆ ಮಾಡಿದ ಆ ಲೆಕ್ಕವನ್ನು ಹರಿದುಹಾಕಿ ಅವನ ಜೊತೆ ಸರಿಸಮನಾಗಿ ಹೊಸದಾಗಿ ಬರೆಯುವುದು.

ಎಚ್ಚರಿಕೆ ಒಂದೇ. ಮೊದಲ ಪುಸ್ತಕದಲ್ಲಿ ರೊಮ್ಯಾನ್ಸ್ ಇದೆ ಅಂದುಕೊಂಡು ಕೊಂಡರೆ ಕೈ ಸುಟ್ಟುಕೊಳ್ಳುತ್ತೀರಿ. ಬರೀ ಸುಳಿವು ಇದೆ. ಎರಡನೆಯದರಲ್ಲಿ ಬಿಸಿ ಏರುತ್ತದೆ, ಮೂರನೆಯದರಲ್ಲಿ ಫಲ ಸಿಗುತ್ತದೆ, ಅಲ್ಲಿ ಕಥೆ 1380ರ ಕುಲಿಕೋವೊ ಯುದ್ಧದವರೆಗೂ ಹೋಗುತ್ತದೆ. ಮೂರನ್ನೂ ಓದುವ ತಾಳ್ಮೆ ಇದ್ದರೆ ಇಲ್ಲಿನ ಎಲ್ಲ ಪ್ರೇಮಗಳಿಗಿಂತ ಇದೇ ಹೆಚ್ಚು ನಂಬುವಂಥದ್ದು. ಮೂರನ್ನೂ ಒಟ್ಟಿಗೆ ಕೊಳ್ಳಬೇಡಿ, ಮೊದಲನೆಯದರ ಮೊದಲ ನೂರು ಪುಟ ನಿಮಗೆ ಹಿತವಾದರೆ ಮುಂದಿನದು.

ನಮ್ಮ ಕಥೆಗಳಿಗೆ ಹತ್ತಿರದ್ದು

ರೋಶನಿ ಚೋಕ್ಷಿ ಅವರ ‘ದ ಸ್ಟಾರ್ ಟಚ್ಡ್ ಕ್ವೀನ್’ (2016) ಹದಿಹರೆಯದವರಿಗೆ ಬರೆದದ್ದು. ಮಾಯಾ ಅನ್ನುವ ರಾಜಕುಮಾರಿಯ ಜಾತಕದಲ್ಲಿ ಸಾವಿನ ಜೊತೆ ಮದುವೆ ಅಂತ ಬರೆದಿದೆ. ಅಮರ್ ಅನ್ನುವವನು ಬಂದು ಮದುವೆಯಾಗಿ ಅಕರನ್ ಅನ್ನುವ ರಾಜ್ಯಕ್ಕೆ ಕರೆದೊಯ್ಯುತ್ತಾನೆ. ಅಮಾವಾಸ್ಯೆಯವರೆಗೆ ಏನೂ ಕೇಳಬೇಡ ಅನ್ನುವುದು ಅವನ ಶರತ್ತು. ಅರಮನೆಯಲ್ಲಿ ಮುಚ್ಚಿದ ಬಾಗಿಲುಗಳಿವೆ. ಪರ್ಸೆಫನಿ, ಗಂಡನ ಮುಖ ನೋಡಬಾರದು ಅನ್ನುವ ಶರತ್ತಿಗೆ ಸಿಕ್ಕಿದ ಗ್ರೀಕ್ ಕಥೆಯ ಸೈಕಿ, ನಮ್ಮ ಯಮಲೋಕ ಎಲ್ಲ ಸೇರಿದ ಕಲಸು. ಕೇಳಬೇಡ ಅಂದರೆ ಕೇಳದೆ ಇರುತ್ತಾಳಾ?

ಸ್ಪೈಸ್ ಇಲ್ಲ, ಗಾತ್ರ ಚಿಕ್ಕದು, ಇದೇ ಕಥೆ ಇದರಲ್ಲೇ ಮುಗಿಯುತ್ತದೆ. ನರಮಾಂಸದ ಆಸೆಯ ಕಮಲಾ ಅನ್ನುವ ಮಾತಾಡುವ ಕುದುರೆ ಬರುತ್ತದೆ, ಅದು ಬಂದ ಮೇಲೆ ಪುಸ್ತಕಕ್ಕೇ ಜೀವ ಬರುತ್ತದೆ. ಆದರೆ ವರ್ಣನೆ ವಿಪರೀತ. ಪ್ರತಿ ಸಾಲಿನಲ್ಲೂ ನಕ್ಷತ್ರ, ರೇಷ್ಮೆ, ಮಂಜು. ಮತ್ತೆ, ಈ ಕಥೆಗಳನ್ನು ಕೇಳಿಯೇ ಬೆಳೆದವರಿಗೆ ಅಮರ್ ಯಾರು ಅನ್ನುವ ಗುಟ್ಟು ಗುಟ್ಟಾಗಿ ಉಳಿಯುವುದು ಕಷ್ಟ. ಯಮನ ಹಿಂದೆ ನಡೆದು ಬರೀ ಮಾತಲ್ಲೇ ಗಂಡನನ್ನು ಬಿಡಿಸಿಕೊಂಡ ಸಾವಿತ್ರಿಯ ಪಕ್ಕದಲ್ಲಿ ಇಟ್ಟು ನೋಡಿದರೆ ಮಾಯಾ ಸ್ವಲ್ಪ ಪೆದ್ದು ಅನ್ನಿಸಬಹುದು. ಹದಿನಾಲ್ಕು ಹದಿನೈದರ ಓದುಗರಿಗೆ ಇದು ಒಳ್ಳೆಯ ಬಾಗಿಲು. ಅದಕ್ಕಿಂತ ದೊಡ್ಡವರಿಗೆ ನಾನು ಒತ್ತಾಯ ಮಾಡುವುದಿಲ್ಲ.

ಕನ್ನಡದಲ್ಲೇ ಈ ರುಚಿ ಬೇಕು ಅಂದರೆ ಗಿರೀಶ ಕಾರ್ನಾಡರ ‘ನಾಗಮಂಡಲ’ (1988). ನಾಟಕ, ಒಂದು ಸಂಜೆಗೆ ಓದಿ ಮುಗಿಯುತ್ತದೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಮೇಲೆ ಕಟ್ಟಿದ್ದು. ಹಗಲಿಗೆ ಬೀಗ ಹಾಕಿ ಹೋಗುವ ಗಂಡ, ರಾತ್ರಿ ಅದೇ ಗಂಡನ ರೂಪದಲ್ಲಿ ಬರುವ ನಾಗ. ಇಲ್ಲಿ ಹೆಂಡತಿ ರಾಣಿಗೆ ತಾನು ಎರಡು ಗಂಡಸರ ಜೊತೆ ಬಾಳುತ್ತಿದ್ದೇನೆ ಅನ್ನುವುದೇ ಹೇಳಿಕೊಡುವವರಿಲ್ಲ. ಒಪ್ಪಿಗೆಯ ಪ್ರಶ್ನೆಯನ್ನು ಇಷ್ಟು ಚೂಪಾಗಿ ಎತ್ತಿದ್ದು ಮೇಲಿನ ಇಂಗ್ಲಿಷ್ ಪುಸ್ತಕಗಳಲ್ಲಿ ‘ಡೆತ್‌ಲೆಸ್’ ಒಂದೇ.

ಎಲ್ಲರೂ ಹೇಳುವ ಎರಡು ಹೆಸರು

ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ (2015) ಬಗ್ಗೆ ಕೇಳದವರಿಲ್ಲ. ಸುಂದರಿ ಮತ್ತು ಮೃಗದ ಕಥೆ, ಟ್ಯಾಮ್ ಲಿನ್ ಅನ್ನುವ ಸ್ಕಾಟಿಷ್ ಲಾವಣಿ ಎರಡನ್ನೂ ಬೆರೆಸಿದ್ದು. ಆದರೆ ಜನ ಹುಚ್ಚೆದ್ದು ಪ್ರೀತಿಸುವ ಜೋಡಿ ನಿಜಕ್ಕೂ ಶುರುವಾಗುವುದು 2016ರ ಎರಡನೇ ಪುಸ್ತಕದಲ್ಲಿ. ಅಲ್ಲಿನ ಒಪ್ಪಂದ ಪರ್ಸೆಫನಿಯದ್ದೇ ನೆರಳು, ತಿಂಗಳಿಗೆ ಒಂದು ವಾರ ನಾಯಕಿ ಆ ನಾಯಕನ ಅರಮನೆಯಲ್ಲಿ ಇರಬೇಕು. ಮೊದಲನೆಯದನ್ನು ಓದಿ ಇದೇನಪ್ಪಾ ಇಷ್ಟಕ್ಕೇ ಇಷ್ಟೊಂದು ಗದ್ದಲವಾ ಅನ್ನಿಸಿದರೆ ಎರಡನೆಯದನ್ನು ನೋಡಿ ತೀರ್ಮಾನಿಸಿ. ದಪ್ಪ ಸರಣಿ, ದೊಡ್ಡವರ ದೃಶ್ಯಗಳಿವೆ. ಪುರಾಣಕ್ಕಾಗಿ ಹುಡುಕುತ್ತಿದ್ದರೆ ಇದರಲ್ಲಿ ಅದು ಬರೀ ಒಗ್ಗರಣೆ.

ನವೋಮಿ ನೋವಿಕ್ ಅವರ ‘ಅಪ್‌ರೂಟೆಡ್’ (2015) ಪುರಾಣಕ್ಕಿಂತ ಪೋಲೆಂಡಿನ ಜನಪದಕ್ಕೆ ಹತ್ತಿರ. ಹತ್ತು ವರ್ಷಕ್ಕೊಮ್ಮೆ ಕಣಿವೆಯಿಂದ ಒಬ್ಬ ಹುಡುಗಿಯನ್ನು ಮಾಂತ್ರಿಕ ಕರೆದೊಯ್ಯುತ್ತಾನೆ, ಬದಲಿಗೆ ದುಷ್ಟ ಕಾಡಿನಿಂದ ಅವರನ್ನು ಕಾಯುತ್ತಾನೆ. ಆ ಕಾಡು ಅದ್ಭುತ. ಮನುಷ್ಯರನ್ನು ಮರದ ತೊಗಟೆಯೊಳಗೆ ಮುಚ್ಚಿಟ್ಟು ಜೀವಂತವಾಗಿ ಇಟ್ಟುಕೊಳ್ಳುತ್ತದೆ. ಕತ್ತಲೆ ಮೊದಲನೇ ಬಗೆಯದು ಬೇಕಾದವರಿಗೆ ಹಬ್ಬ. ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಪಡೆದದ್ದು, ಒಂದೇ ಪುಸ್ತಕ. ಪ್ರೇಮ ಮಾತ್ರ ಪಕ್ಕೆಲುಬು, ನಾಯಕ ಸಿಡುಕ, ವಯಸ್ಸಿನ ಅಂತರ ನೂರು ವರ್ಷಕ್ಕೂ ಮೇಲೆ. ಶುರುವಿನಲ್ಲಿ ಒಬ್ಬ ರಾಜಕುಮಾರ ನಾಯಕಿಯ ಮೇಲೆ ಕೈ ಹಾಕಲು ಬರುವ ದೃಶ್ಯ ಇದೆ, ಗೊತ್ತಿರಲಿ.

ಈಗ ನಿಮ್ಮ ಲೆಕ್ಕ

ರಾತ್ರಿ ಮಲಗುವ ಮೊದಲು ತಲೆ ಕೆಡಿಸಿಕೊಳ್ಳದೆ ಓದಬೇಕು, ಸ್ಪೈಸ್ ಬೇಕು, ಕೊನೆಗೆ ಇಬ್ಬರೂ ಒಂದಾಗಬೇಕು ಅಂದರೆ ‘ನಿಯಾನ್ ಗಾಡ್ಸ್’. ಅದೇ ಬೇಕು, ಆದರೆ ದೇವರುಗಳು ದೇವರುಗಳಾಗಿಯೇ ಇರಬೇಕು, ಸರಣಿಯಾದರೂ ಸರಿ ಅಂದರೆ ‘ಎ ಟಚ್ ಆಫ್ ಡಾರ್ಕ್‌ನೆಸ್’. ಇಂಗ್ಲಿಷ್ ಕಾದಂಬರಿ ಓದಿ ರೂಢಿ ಕಡಿಮೆ ಅನ್ನುವವರಿಗೂ ಇವೆರಡೇ ಸಲೀಸು. ಚಿಕ್ಕ ವಯಸ್ಸಿನವರಿಗೆ ಉಡುಗೊರೆ ಕೊಡಬೇಕು ಅಂದರೆ ಚೋಕ್ಷಿ ಅಥವಾ ಮೊರೆನೊ ಗಾರ್ಸಿಯಾ. ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದು, ಎರಡನೇ ಸಲ ಓದಲೂ ಆಗಬೇಕು ಅನ್ನುವವರಿಗೆ ‘ಡೆತ್‌ಲೆಸ್’ ದುಡ್ಡಿಗೆ ಮೋಸವಿಲ್ಲ. ಅದು ಎರಡನೇ ಓದಿಗೇ ಪೂರ್ತಿ ಬಿಚ್ಚಿಕೊಳ್ಳುವುದು.

ಇನ್ನೂ ಅನುಮಾನ ಇದ್ದರೆ ಇ-ಪುಸ್ತಕದ ಮಾದರಿ ಪುಟಗಳನ್ನು ಸುಮ್ನೆ ಓದಿ ನೋಡಿ. ‘ಡೆತ್‌ಲೆಸ್’ನಲ್ಲಿ ಮೂರನೇ ಹಕ್ಕಿ ಬರುವ ಹೊತ್ತಿಗೆ, ಅದೇ ಮಾತು ಮೂರು ಸಲ ಬರುವುದು ನಿಮಗೆ ರಾಗದ ಹಾಗೆ ಕೇಳಿಸಿದರೆ ಮುಂದುವರಿಯಿರಿ, ರೇಗಿದರೆ ಅಲ್ಲೇ ಬಿಡಿ, ಮುಂದೆಯೂ ಹಾಗೇ ಇದೆ. ‘ಗಾಡ್ಸ್ ಆಫ್ ಜೇಡ್ ಅಂಡ್ ಶ್ಯಾಡೋ’ನಲ್ಲಿ ಪೆಟ್ಟಿಗೆ ತೆರೆಯುವ ತನಕ ಓದಿದರೆ ಸಾಕು.

ಎರಡನ್ನೂ ಓದುವ ಮನಸ್ಸಿದ್ದರೆ ಹುನ್ ಕಮೆಯನ್ನು ಮೊದಲು ಓದಿ, ಕೊಶ್ಚೈಯನ್ನು ಆಮೇಲೆ. ತಿರುಗಾಮುರುಗಾ ಮಾಡಿದರೆ ಪಾಪ, ಹುನ್ ಕಮೆ ತುಂಬಾ ಸಭ್ಯಸ್ಥನಾಗಿ ಕಾಣುತ್ತಾನೆ.